ಗಂಡನಿಗೆ ಹೇಳಬೇಕಾದ್ದನ್ನು ಹೇಳುವ ಅಭ್ಯಾಸ

ಕಾಸರಗೋಡಿನ ಬದಿಯಡ್ಕ ಸುತ್ತಮುತ್ತಲಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಕೂಟಗಳಲ್ಲಿ ನಾನು ಕೊಡುವ ತರಬೇತಿಯಲ್ಲಿ ಭಾಷಣ ಇಲ್ಲ, ಬಾಯಿಗೆ ಅಭ್ಯಾಸ ಉಂಟು. ಮೊದಲು ಒಂದು ಸಣ್ಣ ವಿಷಯ ಆರಿಸಿ. ತವರಿನ ಪಾಲು, ಅತ್ತೆಯ ಚುಚ್ಚುಮಾತು ಆಮೇಲೆ. ಗಂಡ ಹನ್ನೊಂದೂವರೆಗೆ ಫೋನ್ ಮಾಡಿ "ನಾಲ್ಕು ಜನ ಊಟಕ್ಕುಂಟು" ಅನ್ನುತ್ತಾರಲ್ಲ, ಅಂಥದ್ದು ಸಾಕು.

ಆದದ್ದೇನು, ನನಗೇನಾಯ್ತು, ನನಗೇನು ಬೇಕು ಎಂದು ಬರೆದುಕೊಳ್ಳಿ. "ನೀವು ಯಾವಾಗಲೂ ಹೀಗೇ" ಎಂದು ಶುರು ಮಾಡಿದರೆ ಅವರು ಆ "ಯಾವಾಗಲೂ" ಹಿಡಿದೇ ಜಗಳಕ್ಕೆ ಬರುತ್ತಾರೆ. "ಕೋಪ ಮಾಡ್ಬೇಡಿ, ಒಂದು ಹೇಳ್ಲಾ" ಎಂಬ ಪೀಠಿಕೆಯೂ ಬೇಡ. ಹೀಗೆ ಹೇಳಿ: "ನೆಂಟರು ಬರುವುದು ನಿನ್ನೆ ನನಗೆ ಹನ್ನೊಂದೂವರೆಗೆ ಗೊತ್ತಾಯ್ತು. ಕಾಯಿ ತುರಿಯುವಾಗ ಕೈ ನಡುಗ್ತಾ ಇತ್ತು. ಇನ್ನು ಹಿಂದಿನ ರಾತ್ರಿಯೇ ಹೇಳಿ." ಅಲ್ಲಿಗೆ ನಿಲ್ಲಿಸಿ. ಎಲ್ಲಕ್ಕಿಂತ ಕಷ್ಟ ಈ ನಿಲ್ಲಿಸುವುದೇ. ಎದುರಿನ ಮೌನ ತಡೆಯಲಾಗದೆ "ಪರವಾಗಿಲ್ಲ ಬಿಡಿ" ಎಂದು ನಾವೇ ಸೇರಿಸಿಬಿಡುತ್ತೇವೆ.

ಇನ್ನು ಅದನ್ನು ಗಟ್ಟಿಯಾಗಿ ಹೇಳಿ ನೋಡಬೇಕು. ಕೂಟದಲ್ಲಿ ಒಬ್ಬಳು ಗಂಡನಾಗಿ ಪೇಪರ್ ಹಿಡಿದು ಕೂರುತ್ತಾಳೆ. "ಈಗ ನಿನಗೆ ಮಾತು ಜಾಸ್ತಿಯಾಯ್ತು" ಎಂದು ಕೆಣಕುತ್ತಾಳೆ. ಹೇಳುವವಳ ಗಂಟಲು ಕಟ್ಟುತ್ತದೆ, ಬೆರಳು ಸೆರಗನ್ನು ಸುತ್ತತೊಡಗುತ್ತದೆ. ವಾದಕ್ಕಿಳಿಯಬಾರದು. "ಇರಬಹುದು. ಹಿಂದಿನ ರಾತ್ರಿಯೇ ಹೇಳಿ." ಮತ್ತೆ ಕೆಣಕಿದರೂ ಅದೇ ಮಾತು, ಅದೇ ಸ್ವರ. ಸ್ವರ ಏರದೆ, ನಡುಗದೆ ಬರುವವರೆಗೆ ಮಾಡಿಸುತ್ತೇನೆ. ಮನಸ್ಸಿನಲ್ಲಿದ್ದದ್ದನ್ನು ನೇರ ಹೇಳಿದಾಗ ಹೆದರಿಕೆ ತಾನೇ ಕುಗ್ಗುತ್ತದೆ ಎಂದು ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲೇ ಬರೆದಿದ್ದರು. ಆ ಕೂಟದ ಚಾಪೆಯ ಮೇಲೆ ಅದು ನನಗೆ ಕಣ್ಣಾರೆ ಕಾಣುತ್ತದೆ.

ಆಮೇಲೆ ಪಾತ್ರ ಬದಲಿಸಿ. ಗಂಡನ ಜಾಗದಲ್ಲಿ ಕೂತಾಗಲೇ ಕೆಲವರಿಗೆ ಹೊಳೆಯುತ್ತದೆ, ನೆಂಟರನ್ನು ಕರೆದದ್ದು ಮಾವ, ಇವರಿಗೂ ಗೊತ್ತಾದದ್ದು ತಡವಾಗಿ ಎಂದು. ಹಾಗಿದ್ದರೆ ಗಂಡ ಹೆಂಡತಿ ಸೇರಿ ಮಾವನ ಹತ್ತಿರ ಮಾತಾಡಬೇಕು.

ಮನೆಯಲ್ಲಿ ಹೊತ್ತು ನೋಡಿ ಹೇಳಿ: ಊಟದ ಎದುರು ಬೇಡ, ಅತ್ತೆ ಮಾವನ ಮುಂದೆ ಬೇಡ, ಕುಡಿದು ಬಂದ ದಿನ ಬೇಡವೇ ಬೇಡ. ಅವರು ಒಮ್ಮೆ ಮೊದಲೇ ತಿಳಿಸಿದರೆ "ನಿನ್ನೆಯೇ ಹೇಳಿದ್ದು ಒಳ್ಳೆಯದಾಯ್ತು" ಅನ್ನಿ. ಇದನ್ನು ಮರೆಯುವವರೇ ಹೆಚ್ಚು.

ಕೈ ಎತ್ತುವ ಗಂಡನ ಮುಂದೆ ಮಾತ್ರ ಇದನ್ನು ಪ್ರಯೋಗಿಸಬೇಡಿ, ದಯವಿಟ್ಟು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಹೀನಾಯ ಬೈಗುಳವೂ ಮನೆಖರ್ಚಿಗೆ ಹಣ ತಡೆಯುವುದೂ ದೌರ್ಜನ್ಯವೇ. ಇದನ್ನು ಅನುಭವಿಸುತ್ತಿರುವವರು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಇಲ್ಲವೇ ಕುಟುಂಬಶ್ರೀಯ "ಸ್ನೇಹಿತ" ಸಹಾಯ ಕೇಂದ್ರಕ್ಕೆ ಹೋಗಿ. ಒಬ್ಬರೇ ಹೋಗಲು ಅಳುಕಿದರೆ ಕೂಟದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.