ಅಪ್ಪನ, ಮುತ್ಯಾನ ನೆನಪಿಗೆ ಗಿಡ ಹಚ್ಚುವವರಿಗೆ

ಹೊಲ, ಗುಡ್ಡ ಅಂತ ತಿರುಗಿದ ಹಿರಿಯರ ಹೆಸರಲ್ಲಿ ವಿಜಯಪುರ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದ ಬದುವಿಗೆ ಗಿಡ ಹಚ್ಚುವುದಾದರೆ ಬೇವೇ ಸರಿ. ತಿಥಿಯ ದಿನವೇ ಹಚ್ಚಬೇಕೆಂಬ ಹಟ ಬೇಡ. ಅದು ಬೇಸಿಗೆಯಲ್ಲಿ ಬಂದರೆ ಅಂದು ಗುಂಡಿ ಮಾತ್ರ ತೋಡಿ. ಸಸಿ ಮುಂಗಾರಿನ ಹದ ಬಿದ್ದ ಮೇಲೆ.

ಗುಂಡಿ 2 ಅಡಿ ಉದ್ದ, ಅಗಲ, ಆಳ. ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಖಚಿತ. ಎರೆಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬುಡ ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿರಲಿ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಬೇರು ಹರಿಯುತ್ತದೆ. ಬುಡದ ಸುತ್ತ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿ, ಕಾಂಡಕ್ಕೆ ತಾಗದಂತೆ. ಎರಡು ಬೇಸಿಗೆ ವಾರಕ್ಕೆ ಎರಡು ಕೊಡ ನೀರು. ಆಡು ತಿನ್ನದಂತೆ ಗಿಡದ ಸುತ್ತ ಜಾಲಿ ಮುಳ್ಳು ಕಟ್ಟಿ.

ಹೆಸರಿನ ಫಲಕವನ್ನು ಗಿಡಕ್ಕೆ ಮೊಳೆ ಹೊಡೆಯಬೇಡಿ. ಇಳಕಲ್ ಗ್ರಾನೈಟಿನ ತುಂಡಿಗೆ ಕೆತ್ತಿಸಿ ಮೂರು ಅಡಿ ದೂರ ಹುಗಿಯಿರಿ.