ಹೊಸ ವೈದ್ಯಕೀಯ ಸಂಶೋಧನೆ: ಏನನ್ನು ಓದಬೇಕು, ಹೇಗೆ ಓದಬೇಕು

ಎಲ್ಲವನ್ನೂ ಓದುವ ಆಸೆಯನ್ನು ಮೊದಲು ಬಿಡಿ. ತಾಲ್ಲೂಕು ಕೇಂದ್ರದ ಫಿಜಿಷಿಯನ್ ಆದ ನನ್ನ ಬಳಿ ಬರುವವರು ಹೆಚ್ಚಾಗಿ ಮಧುಮೇಹ, ರಕ್ತದೊತ್ತಡ, ಹೃದಯ ವೈಫಲ್ಯದವರು. ನನ್ನ ಓದೂ ಅಷ್ಟಕ್ಕೇ ಸೀಮಿತ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಉಚಿತ ಖಾತೆ ತೆರೆದು ಇಂಥ ವಿಷಯಗಳ ಹುಡುಕಾಟವನ್ನು ಉಳಿಸಿಡಿ. ಇಮೇಲ್ ವಾರಕ್ಕೊಮ್ಮೆ ಬರಲಿ. ದಿನವೂ ಬಂದರೆ ಯಾರೂ ತೆರೆಯುವುದಿಲ್ಲ.

ಪ್ರಬಂಧ ಸಿಕ್ಕಾಗ ಸಾರಾಂಶದ ಕೊನೆಯ ಸಾಲಿಗೆ ಹಾರಬೇಡಿ. 2019ರ ಡಾಪಾ-ಎಚ್‌ಎಫ್ ಪ್ರಯೋಗವನ್ನೇ ನೋಡಿ. ಹೃದಯ ವೈಫಲ್ಯದ 4,744 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಡಾಪಾಗ್ಲಿಫ್ಲೋಜಿನ್ ಎಂಬ ಔಷಧ, ಉಳಿದವರಿಗೆ ಹುಸಿಮಾತ್ರೆ. ಔಷಧ ಪ್ರತಿನಿಧಿಗಳ ಬಾಯಲ್ಲಿ ಅದರ ಫಲ ಅಪಾಯದಲ್ಲಿ 'ಶೇ 26 ಇಳಿಕೆ'; ಅದು ಎರಡು ಗುಂಪುಗಳ ಹೋಲಿಕೆಯ ಲೆಕ್ಕ. ಕೋಷ್ಟಕ ತೆರೆಯಿರಿ: ಹೃದಯ ವೈಫಲ್ಯ ಉಲ್ಬಣಿಸಿದವರು ಅಥವಾ ಹೃದಯ-ರಕ್ತನಾಳದ ಕಾಯಿಲೆಯಿಂದ ಸತ್ತವರು ಔಷಧದ ಗುಂಪಿನಲ್ಲಿ ಶೇ 16.3, ಇನ್ನೊಂದರಲ್ಲಿ ಶೇ 21.2. ಅಂದರೆ ಸುಮಾರು ಒಂದೂವರೆ ವರ್ಷ 21 ಮಂದಿಗೆ ಕೊಟ್ಟರೆ ಒಬ್ಬರು ಪಾರಾಗುತ್ತಾರೆ. ಒಳ್ಳೆಯ ಫಲವೇ, ಅನುಮಾನವಿಲ್ಲ. ಆದರೆ ರೋಗಿಗೆ ನಾನು ಹೇಳುವುದು ಈ ಎರಡನೆಯ ಲೆಕ್ಕವನ್ನು.

ಬಳಿಕ, ಯಾರನ್ನು ಹೊರಗಿಟ್ಟಿದ್ದರು ಎಂದು ಹುಡುಕಿ. ಇಲ್ಲಿ ಒಂದನೇ ವಿಧದ ಮಧುಮೇಹಿಗಳಿರಲಿಲ್ಲ. ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಶೋಧಿಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆ ಇದ್ದವರೂ ಇರಲಿಲ್ಲ. ನನ್ನ ಮುಂದೆ ಕುಳಿತವರು ಅಂಥವರಾದರೆ ಈ ಪ್ರಯೋಗ ಅವರ ಬಗ್ಗೆ ಮೌನವಾಗಿದೆ. ಹಣ ಹಾಕಿದ್ದು ಔಷಧದ ತಯಾರಕರಾದ ಆಸ್ಟ್ರಾಜೆನೆಕಾ; ಅಷ್ಟಕ್ಕೇ ಫಲಿತಾಂಶ ಸುಳ್ಳಾಗುವುದಿಲ್ಲ, ಓದುವ ಕಣ್ಣು ಚುರುಕಾಗಬೇಕಷ್ಟೆ.

ಕೊನೆಗೆ, ಇನ್ನೊಂದು ಪ್ರಯೋಗಕ್ಕಾಗಿ ಕಾಯಿರಿ. ಅದೇ ಬಗೆಯ ಇನ್ನೊಂದು ಔಷಧ ಎಂಪಾಗ್ಲಿಫ್ಲೋಜಿನ್ ಕುರಿತ ಎಂಪರರ್-ರೆಡ್ಯೂಸ್ಡ್ ಪ್ರಯೋಗ 2020ರಲ್ಲಿ ಅದೇ ದಿಕ್ಕಿನ ಫಲ ತೋರಿಸಿದ ಮೇಲೆಯೇ ನನ್ನ ಔಷಧ ಚೀಟಿ ಬದಲಾಯಿತು.