ಗಿಟಾರ್ ರೆಕಾರ್ಡಿಂಗ್‌ನಲ್ಲಿ ಗುಂಯ್ ಸದ್ದು: ಕಲಬುರಗಿಯ ನನ್ನ ಮನೆಯಲ್ಲಿ ಸರಿಯಾದದ್ದು ಹೀಗೆ

ಓವರ್‌ಡ್ರೈವ್ ಪೆಡಲ್ (ಗಿಟಾರ್ ಸದ್ದನ್ನು ಒರಟಾಗಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಒತ್ತಿದ ಕೂಡಲೇ ಆಂಪ್‌ನಿಂದ ಗುಂಯ್ ಅನ್ನೋ ಸದ್ದು. ತಂತಿ ಮುಟ್ಟಿದರೆ ಕಡಿಮೆ, ಕೈ ಬಿಟ್ಟರೆ ಜಾಸ್ತಿ. ರಾಕ್ ಹಾಡಿಗೆ ಒಂದೇ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಸಾಲು) ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಕೂಡಿಸುತ್ತೇವೆ ಅಲ್ವಾ, ಈ ಸದ್ದೂ ಜೊತೆಗೇ ಕೂಡುತ್ತಾ ಹೋಗುತ್ತದೆ.

ಹೊಸ ಕೇಬಲ್ ಹಾಕಿದೆ, ಉಪಯೋಗವಿಲ್ಲ. ಟ್ಯೂಬ್‌ಲೈಟ್, ಫ್ಯಾನ್ ಆರಿಸಿದೆ, ಚೂರು ಇಳಿಯಿತು ಅಷ್ಟೆ. ಹಂಬಕರ್ (ಗುಂಯ್ ಸದ್ದು ತಗ್ಗಿಸುವ ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರ್ ತಂದೆ, ಆಗಲೂ ಇತ್ತು. ಸಣ್ಣ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಗುಂಯ್ ಸದ್ದನ್ನು ಮುಚ್ಚಿತು, ಆದರೆ ಉದ್ದ ಎಳೆದ ಸ್ವರದ ಬಾಲವನ್ನೂ ಕತ್ತರಿಸಿತು.

ಕೊನೆಗೆ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ಪ್ಲಗ್ ಪಾಯಿಂಟ್ ನೋಡಿದರು. ಫೇಸ್‌ನಿಂದ ನ್ಯೂಟ್ರಲ್‌ಗೆ 230 ವೋಲ್ಟ್, ಫೇಸ್‌ನಿಂದ ಅರ್ಥ್‌ಗೆ ಬರೀ 140, ಅಂದರೆ ಅರ್ಥ್ ಸರಿಯಿಲ್ಲ. ಮೇ ತಿಂಗಳ ಬಿಸಿಲಿಗೆ ಅರ್ಥ್ ಗುಂಡಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಕ್ಲಾಂಪ್ ತುಕ್ಕು ಹಿಡಿದಿತ್ತು. ಅವರು ಮೇನ್ ಆರಿಸಿ ಕ್ಲಾಂಪ್ ಬದಲಾಯಿಸಿ, ಇದ್ದಿಲು, ಉಪ್ಪು ತುಂಬಿ ನೀರು ಹೊಯ್ದರು. ಮರುದಿನ ಫೇಸ್‌ನಿಂದ ಅರ್ಥ್‌ಗೆ 229, ನ್ಯೂಟ್ರಲ್‌ನಿಂದ ಅರ್ಥ್‌ಗೆ 1.5. ಸದ್ದು ಬಹುಪಾಲು ಹೋಯಿತು. ಈ ಕೆಲಸ ನೀವೇ ಮಾಡಬೇಡಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ.

ಉಳಿದದ್ದು ಗ್ರೌಂಡ್ ಲೂಪ್, ಅಂದರೆ ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಅರ್ಥ್ ಸೇರಿದಾಗ ಆಗುವ ಸುತ್ತು. ಆಂಪ್, ಪೆಡಲ್ ಅಡಾಪ್ಟರ್, ಇಂಟರ್‌ಫೇಸ್ (ಮೈಕ್ ಸದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸುವ ಪೆಟ್ಟಿಗೆ) ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಅರ್ಥ್ ಪಿನ್ ಕಿತ್ತುಹಾಕಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಜೀವಕ್ಕೆ ಅಪಾಯ.

ಈಗಿನ ಸಾಲು: ಗಿಟಾರ್, ಟ್ಯೂನರ್, ಓವರ್‌ಡ್ರೈವ್, ಆಂಪ್. ಓವರ್‌ಡ್ರೈವ್ ಗೇನ್ 3, ಲೆವೆಲ್ 7, ಆಂಪ್ ಗೇನ್ 5. ಮೈಕ್ ಸ್ಪೀಕರ್‌ನ ನಡುವಿನಿಂದ ಎರಡು ಬೆರಳು ಪಕ್ಕಕ್ಕೆ. ಇಂಟರ್‌ಫೇಸ್ ಮೀಟರ್ ಮೈನಸ್ 12 ಡಿಬಿ ದಾಟಬಾರದು. ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್ ಆಮೇಲೆ ಮಿಕ್ಸಿಂಗ್‌ನಲ್ಲಿ.